ದ್ವೀಪದ ದೂರು, ನನ್ನದೇ ಉತ್ತರ

ಡೊಂಬಿವಲಿಯ ನಮ್ಮ ಕನ್ನಡ ಸಂಘಕ್ಕೆ ನಾನು ಪಿಕ್ನಿಕ್ ಕಾರ್ಯದರ್ಶಿಯಾದದ್ದು ಯೋಗ್ಯತೆಯಿಂದಲ್ಲ. ಆ ದಿನದ ಸಭೆಗೆ ತಡವಾಗಿ ಹೋದೆ. ಅಷ್ಟರಲ್ಲಿ ಉಳಿದ ಹುದ್ದೆಗಳೆಲ್ಲ ಹಂಚಿಹೋಗಿದ್ದವು. ಅಧ್ಯಕ್ಷ ಸ್ಥಾನವಂತೂ ಕಲ್ಯಾಣದಲ್ಲಿ ಸಸ್ಯಾಹಾರಿ ಹೋಟೆಲು ನಡೆಸುವ ಉಡುಪಿ ಕಡೆಯ ಹಿರಿಯರೊಬ್ಬರದು. ಹೋಟೆಲಿನ ಗಲ್ಲಾದ ಕುರ್ಚಿಯಂತೆ ಅದರ ಮೇಲೂ ಅವರೊಬ್ಬರೇ ಕೂರಬೇಕು. ಅವರು ಸತ್ತ ಮೇಲೆ ಚುನಾವಣೆ ನಡೆಸೋಣ ಎಂದು ನಾವೆಲ್ಲ ಮನಸ್ಸಿನಲ್ಲೇ ಒಪ್ಪಿಕೊಂಡಿದ್ದೆವು. ಅವರ ಆರೋಗ್ಯ ಮಾತ್ರ ನಮ್ಮೆಲ್ಲರಿಗಿಂತ ಚೆನ್ನಾಗಿತ್ತು.

ಪಿಕ್ನಿಕ್ಕಿನಲ್ಲಿ ಯೋಚಿಸುವಂಥದ್ದು ಏನೂ ಇರಲಿಲ್ಲ. ಪ್ರತಿ ಜನವರಿಯ ಒಂದು ಭಾನುವಾರ ಅದೇ ಜಾಗ, ಅದೇ ಪಲಾವು, ಅದೇ ಲಿಂಬೆ-ಚಮಚದ ಓಟ. ಘಣಸೋಲಿಯ ಹಳೆ ಊರಿನ ಹಿಂದಿನ ದಕ್ಕೆಯಿಂದ ದೋಣಿ ಹತ್ತಿದರೆ ಇಪ್ಪತ್ತು ನಿಮಿಷಕ್ಕೆ ಖಾಡಿ ಎಂಬ ಸಮುದ್ರದ ಹಿನ್ನೀರಿನ ನಡುವೆ ಒಂದು ಸಣ್ಣ ದ್ವೀಪ. ಮರಾಠಿಯಲ್ಲಿ ದ್ವೀಪಕ್ಕೆ ಬೇಟ್ ಅನ್ನುತ್ತಾರೆ. ಎಲ್ಲರೂ ಅದನ್ನು ಬೇಟ್ ಎಂದೇ ಕರೆಯುತ್ತಿದ್ದರು. ಅಲ್ಲಿ ಐದಾರು ಮನೆ, ಒಂದು ಬಾವಿ, ಸುತ್ತಲೂ ಕೆಸರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡ, ನಡುವೆ ಒಂದು ದೊಡ್ಡ ಮೈದಾನ. ಒಂದು ಮಗ್ಗುಲಲ್ಲಿ ಕೆಸರಿಲ್ಲದ ಸಣ್ಣ ಕೊಲ್ಲಿ, ಮಕ್ಕಳು ಈಜುವುದಕ್ಕೆ. ಕರೆಂಟು ಇರಲಿಲ್ಲ. ನೀರು ಇಳಿದರೆ ದೋಣಿ ಕೆಸರಿನಲ್ಲಿ ಹೂತುಹೋಗುತ್ತಿದ್ದರಿಂದ ಇಳಿತಕ್ಕೆ ಮೊದಲು ಹೊರಡಲೇಬೇಕಿತ್ತು. ಅಧ್ಯಕ್ಷರ ಭಾಷಣಕ್ಕೆ ಇಷ್ಟು ಹೊತ್ತಿಗೆ ಮುಗಿಯಬೇಕೆಂಬ ಕಟ್ಟಳೆ ಹಾಕಿದ್ದು ಸಮುದ್ರವೊಂದೇ.

ನನ್ನ ಹೊಟ್ಟೆಪಾಡಿನ ಕೆಲಸವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಮಹಾಪೆಯ ಒಂದು ಸೋಲಾರ್ ಕಂಪನಿಯಲ್ಲಿ ಪತ್ರವ್ಯವಹಾರ ನೋಡಿಕೊಳ್ಳುವ ಕ್ಲಾರ್ಕು ನಾನು. ಬಂದ ಕಾಗದಕ್ಕೆ ಮುದ್ರೆ ಒತ್ತುವುದು, ಹೋಗುವ ಕಾಗದ ಬರೆಯುವುದು, ಸಾಮಾನು ಹೊರಟರೆ ಚಲನ್ ಟೈಪ್ ಮಾಡುವುದು. ಆ ವರ್ಷ ಮಳೆಗಾಲ ಮುಗಿದಾಗಿನಿಂದ ‘ಬೇಟ್ ಸೈಟ್’ ಎಂಬ ಹೆಸರಿಗೆ ಕಟ್ಟುಗಟ್ಟಲೆ ಚಲನ್ ಟೈಪ್ ಮಾಡಿದ್ದೆ. ಗುಜರಾತಿನ ಕಡೆ ಬೇಟ್ ಎಂಬ ಹೆಸರಿನ ಊರುಗಳಿವೆ, ಅಲ್ಲೆಲ್ಲೋ ಇರಬೇಕು ಅಂದುಕೊಂಡಿದ್ದೆ. ಸಾಮಾನು ಇಳಿಸುವ ಜಾಗ ಘಣಸೋಲಿ ಅಂತ ಇತ್ತು. ಅಲ್ಲಿ ಗೋಡೌನ್ ಇರಬಹುದು ಅನ್ನಿಸಿತು. ಮನುಷ್ಯರಿಗೆ ತಮ್ಮ ಕೈಯಲ್ಲೇ ಟೈಪ್ ಆದದ್ದು ಕಾಣಿಸದಿರುವುದು ವಿಚಿತ್ರವೇನಲ್ಲ. ಇಪ್ಪತ್ತು ವರ್ಷ ಕ್ಲಾರ್ಕಾದವರನ್ನು ಕೇಳಿ ನೋಡಿ.

ಆ ಜನವರಿಯ ಭಾನುವಾರ ಅರವತ್ತು ಜನರನ್ನು ಕಟ್ಟಿಕೊಂಡು ಹೊರಟೆ. ಲೋಕಲ್ ರೈಲಿಗೆ ಮೆಗಾಬ್ಲಾಕ್, ಅಂದರೆ ಹಳಿ ದುರಸ್ತಿಯ ಬಂದ್, ಇದ್ದದ್ದರಿಂದ ಠಾಣೆಯಲ್ಲೇ ಅರ್ಧ ಜನ ಚದುರಿಹೋಗಿ, ಘಣಸೋಲಿಯ ದಕ್ಕೆ ಸೇರುವಾಗ ಎಲ್ಲರಿಗೂ ನನ್ನ ಮೇಲೆ ಸಿಟ್ಟು. ವರ್ಷಾನುಗಟ್ಟಲೆ ನಮ್ಮನ್ನು ದಾಟಿಸುತ್ತಿದ್ದ ದೋಣಿಯವನು ದ್ವೀಪದವನೇ, ಆಗ್ರಿ ಸಮಾಜದವನು. ಆ ದಿನ ಅವನು ನನ್ನ ಮುಖ ನೋಡದೆ ಹಗ್ಗ ಬಿಚ್ಚುತ್ತಿದ್ದ. ಅರ್ಧ ದಾರಿಗೆ ಬಂದ ಮೇಲೆ ನಿಧಾನವಾಗಿ ಹೇಳಿದ:

“ಮ್ಯಾಡಮ್, ಮೈದಾನ್ ಅಬ್ ನಹೀಂ ಹೈ. ಸೋಲಾರ್ ಲಗಾ ಹೈ.”

“ಫೋನಿನಲ್ಲಿ ಯಾಕೆ ಹೇಳಲಿಲ್ಲ?”

“ಬೋಲತಾ ತೋ ಆಪ್ ಆತೇ ಕ್ಯಾ?”

ಹೇಳಿದ್ದರೆ ನಾವು ಖಂಡಿತ ಬರುತ್ತಿರಲಿಲ್ಲ.

ಇಳಿದು ನೋಡಿದರೆ ಲಿಂಬೆ-ಚಮಚ ಓಡುವ ಜಾಗದಲ್ಲಿ ನೀಲಿ ಹಲಗೆಗಳ ಸಾಲು. ದೊಡ್ಡ ಭರತದಲ್ಲಿ ನೀರು ಮೈದಾನಕ್ಕೆ ನುಗ್ಗುವುದರಿಂದ ಹಲಗೆಗಳನ್ನು ಕಬ್ಬಿಣದ ಕಂಬಗಳ ಮೇಲೆ ಆಳೆತ್ತರಕ್ಕೆ ಏರಿಸಿದ್ದರು. ಪ್ರತಿ ಸಾಲಿನ ಕೊನೆಗೆ ಒಂದೊಂದು ಬೂದು ಪೆಟ್ಟಿಗೆ. ಪೆಟ್ಟಿಗೆಯ ಮೇಲೆ ನಾನು ದಿನಾ ನೋಡುವ, ನನ್ನ ಕುತ್ತಿಗೆಯ ಐಡಿ ಕಾರ್ಡಿನ ಮೇಲೂ ಇರುವ ಕಂಪನಿಯ ಗುರುತು. ಪುಣ್ಯಕ್ಕೆ ಅವತ್ತು ರಜೆ, ಕಾರ್ಡು ಮನೆಯಲ್ಲಿತ್ತು. ಹತ್ತಿರದ ಪೆಟ್ಟಿಗೆಗೆ ಬೆನ್ನು ಕೊಟ್ಟು ನಿಂತು ಸೆರಗು ಹರವಿದೆ. ಉಳಿದ ಹನ್ನೊಂದು ಪೆಟ್ಟಿಗೆಗಳಿಗೆ ಏನು ಮಾಡುವುದೋ ತಿಳಿಯಲಿಲ್ಲ.

“ಇದು ಎಂತ ಮಾರಾಯ್ರೆ,” ಅಂದರು ಅಧ್ಯಕ್ಷರು. “ಪಿಕ್ನಿಕ್ಕಿಗೆ ಅಂತ ಕರ್ಕೊಂಡು ಬಂದು ಫ್ಯಾಕ್ಟರಿ ತೋರಿಸ್ತೀರಾ?”

ಆಗ ಹಲಗೆಗಳ ಅಡಿಯಿಂದ ಒಬ್ಬ ಹೆಂಗಸು ಬಗ್ಗಿ ಹೊರಬಂದಳು. ಸೀರೆಯ ಮೇಲೆ ಗಂಡಸರ ಶರ್ಟು, ತಲೆಗೆ ಹಳದಿ ಹೆಲ್ಮೆಟ್ಟು, ಕೈಯಲ್ಲಿ ಉದ್ದ ಕೋಲಿನ ಬ್ರಷ್ಷು.

“ಯಾರೂ ಪ್ಯಾನಲ್ ಮುಟ್ಟಬ್ಯಾಡ್ರಿ. ಈಗರ ತೊಳದೀನಿ.”

ಅರವತ್ತು ಜನ ಕನ್ನಡಿಗರು ಕನ್ನಡ ಕೇಳಿ ಬೆಚ್ಚಿಬಿದ್ದರು. ಕನ್ನಡ ಉಳಿಸಬೇಕು ಎಂದು ತಿಂಗಳಿಗೊಮ್ಮೆ ಸೇರುವವರು ನಾವು. ಅದು ಹೀಗೆ ಹೆಲ್ಮೆಟ್ ಹಾಕಿಕೊಂಡು ಎದುರಿಗೆ ಬಂದೀತು ಎಂದು ಯಾರೂ ಎಣಿಸಿರಲಿಲ್ಲ. ಅವಳು ಕಲಬುರಗಿ ಕಡೆಯವಳು. ಕಂಬ ನೆಡುವ ಕೆಲಸಕ್ಕೆ ಗಂಡನ ಜೊತೆ ಬಂದವಳು, ಈಗ ಹಲಗೆ ತೊಳೆಯುವ ಆರು ಜನರ ತಂಡಕ್ಕೆ ಮುಖ್ಯಸ್ಥೆ. ದ್ವೀಪದಲ್ಲೇ ತಗಡಿನ ಶೆಡ್ಡಿನಲ್ಲಿ ವಾಸ.

“ಬಿಸಲಾಗ ಯಾಕ ನಿಂತೀರಿ? ಕೆಳಗ ಬಂದು ಕುಂದರ್ರಿ. ನೆಳ್ಳ ಐತಿ,” ಅಂದಳು.

ಹಿರಿಯರು ಗೊಣಗುತ್ತ ಹಲಗೆಗಳ ಕೆಳಗೆ ಚಾಪೆ ಹಾಸಿದರು. ಹತ್ತು ನಿಮಿಷಕ್ಕೆ ಗೊಣಗಾಟ ನಿಂತಿತು. ಇಷ್ಟು ವರ್ಷ ಬಯಲಲ್ಲಿ ಟವೆಲು ಹೊದ್ದು ಕೂತು ಪಲಾವು ತಿಂದವರಿಗೆ ಆ ನೆರಳು, ಅದರಡಿ ಖಾಡಿಯ ಗಾಳಿ, ಸ್ವರ್ಗವೇ. ನನ್ನ ಅತ್ತೆಯಂತೂ ಮಲಗಿ ಗೊರಕೆ ಹೊಡೆದರು. ಮಕ್ಕಳಿಗೆ ಮಾತ್ರ ಓಡಲು ಜಾಗವಿರಲಿಲ್ಲ. ಕೊಲ್ಲಿಗೆ ಹೋಗೋಣ ಎಂದರೆ ಅಲ್ಲಿ ನೀರೊಳಗೆ ಕೇಬಲ್ ಇದೆ, ಇಳಿಯಬಾರದು ಎಂದು ಬೋರ್ಡು ನೆಟ್ಟಿದ್ದರು. ಅವು ನೆರಳಿನಲ್ಲಿ ಕೂತು ಫೋನು ನೋಡಿದವು. ಮನೆಯಲ್ಲೂ ಅದನ್ನೇ ಮಾಡುತ್ತಿದ್ದವು, ಅದಕ್ಕೆ ದೋಣಿ ಯಾಕೆ ಬೇಕಿತ್ತೋ.

ಹಗ್ಗ ಜಗ್ಗಾಟಕ್ಕೆ ದಕ್ಕೆಯ ಪಕ್ಕದ ಪಟ್ಟಿ ಜಾಗ ಸಾಕಾಯಿತು. ಅಧ್ಯಕ್ಷರು ಉದಾರ ಮನಸ್ಸಿನಿಂದ ತೊಳೆಯುವ ತಂಡವನ್ನೂ ಆಟಕ್ಕೆ ಕರೆದರು. ಅವರು ಆರು ಜನ, ನಾವು ಹದಿನಾಲ್ಕು. ಅವರಲ್ಲಿ ಮೂವರು ಹೆಂಗಸರು. ನಾವು ಎರಡು ಸಲ ಸೋತೆವು. ಎರಡನೆಯ ಸಲ ನಮ್ಮ ಖಜಾಂಚಿ ಕೆಸರಿನಲ್ಲಿ ಮೊಣಕಾಲುದ್ದ ಹೂತು, ಅವರನ್ನು ಎಳೆದು ತೆಗೆಯಲು ಅದೇ ಹಗ್ಗ ಬೇಕಾಯಿತು. ಇನ್ನು ಭಾಷಣ. ಅಧ್ಯಕ್ಷರು ದ್ವೀಪಕ್ಕೆ ಕರೆಂಟು ಬಂದಿದೆ ಎಂದು ತಿಳಿದು ಮೈಕಿನ ವೈರು ಹಿಡಿದು ಪ್ಲಗ್ ಹುಡುಕಿದರು. ಕಲಬುರಗಿಯಾಕೆ ತಲೆ ಅಲ್ಲಾಡಿಸಿದಳು: “ಈ ಪ್ಲಗ್ ಪಂಪಿಗಷ್ಟೇ ರೀ ಸರ. ಮಾತಿಗಲ್ಲ.”

ಊಟ ಬಡಿಸುವಾಗ ದೋಣಿಯವನು ನನ್ನ ಬಳಿ ಕೂತ. ಕಂಪನಿ ದ್ವೀಪದ ಮನೆಗಳಿಗೂ ಕರೆಂಟು ಕೊಟ್ಟಿದ್ದರಿಂದ ಅವನ ಮನೆಯಲ್ಲಿ ಈಗ ಫ್ಯಾನು, ಫ್ರಿಜ್ಜು ಎರಡೂ ಇವೆ. ಹೆಂಡತಿ ಚಹಾ, ಭಜಿ ಮಾಡಿ ಮಾರುತ್ತಿದ್ದಳು. ಮೈದಾನ ಹೋದ ಮೇಲೆ ಕ್ರಿಕೆಟ್ಟಿನ ಟೀಮುಗಳು ಬರುವುದು ಬಿಟ್ಟವು, ಆಫೀಸುಗಳ ಪಿಕ್ನಿಕ್ಕು ನಿಂತಿತು.

“ಪಂಖಾ ಆಯಾ, ಗ್ರಾಹಕ್ ಗಯಾ,” ಅಂದ. “ಅಬ್ ಪಂಖೇ ಕೇ ನೀಚೇ ಬೈಠ್ ಕೇ ಸೋಚತಾ ಹೂಂ.”

ವಾಪಸಿನ ದೋಣಿಯಲ್ಲೇ ಕಾರ್ಯಕಾರಿ ಸಮಿತಿ ತುರ್ತು ಸಭೆ ಸೇರಿತು. ಪೆಟ್ಟಿಗೆಗಳ ಮೇಲೆ ಹೆಸರಿದ್ದ ಕಂಪನಿಗೆ ಖಂಡನಾ ಪತ್ರ ಬರೆಯುವುದೆಂದು ಠರಾವಾಯಿತು. ಯಾರು ಬರೆಯುವುದು? ಎಲ್ಲರೂ ನನ್ನನ್ನು ನೋಡಿದರು. ಆಫೀಸಿನ ಪತ್ರ ಬರೆದು ಅಭ್ಯಾಸವಿರುವವಳು ನಾನೊಬ್ಬಳೇ. ಯಾವ ಆಫೀಸು ಎಂದು ಇಷ್ಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ‘ಮಹಾಪೆಯಲ್ಲಿ ಪ್ರೈವೇಟು’ ಎಂದರೆ ಅವರಿಗೆ ಸಾಕಿತ್ತು. ಹೇಳಿಬಿಡಬಹುದಿತ್ತು. ಹೇಳಲಿಲ್ಲ. ದೋಣಿ ಖಾಡಿಯ ನಡುವೆ ಇತ್ತು, ನನಗೆ ಈಜು ಬರುವುದಿಲ್ಲ.

ಪತ್ರವನ್ನು ಅಧ್ಯಕ್ಷರು ಫೋನಿನಲ್ಲಿ ಹೇಳಿಕೊಟ್ಟರು, ನಾನು ಇಂಗ್ಲಿಷಿಗೆ ಇಳಿಸಿದೆ. ನಮ್ಮ ಪರಂಪರೆಗೆ ಧಕ್ಕೆ, ಸಾರ್ವಜನಿಕರ ಸುರಕ್ಷತೆಗೆ ಅಪಾಯ, ಮಕ್ಕಳ ಪ್ರಾಣಕ್ಕೆ ಸಂಚಕಾರ, ಎಲ್ಲವೂ ಅದರಲ್ಲಿದ್ದವು. ಗುರುವಾರ ಬೆಳಿಗ್ಗೆ ಅದು ಮಹಾಪೆಯ ನನ್ನ ಮೇಜಿಗೆ ಬಂತು. ನಾನೇ ಅಂಟಿಸಿದ ಲಕೋಟೆ, ನಾನೇ ಒಡೆದೆ. ‘ಸ್ವೀಕರಿಸಿದೆ’ ಎಂಬ ಮುದ್ರೆಯನ್ನೂ ನಾನೇ ಒತ್ತಿದೆ.

ನಮ್ಮ ಮ್ಯಾನೇಜರು ಠಾಣೆಯಲ್ಲೇ ಹುಟ್ಟಿ ಬೆಳೆದವನು, ಮೂವತ್ತೈದರ ಒಳಗಿನವನು. ತಂದೆ-ತಾಯಿ ವಿಜಯಪುರದವರು. ಕನ್ನಡ ಅರ್ಥವಾಗುತ್ತದೆ, ಉತ್ತರ ಹಿಂದಿಯಲ್ಲಿ ಬರುತ್ತದೆ. ಪತ್ರದ ಮೊದಲ ಸಾಲು ಓದಿ ತಿರುಗಿ ಕೊಟ್ಟ. “ಆಂಟಿ, ಸ್ಟ್ಯಾಂಡರ್ಡ್ ರಿಪ್ಲೈ ಭೇಜ್ ದೋ.”

ಸ್ಟ್ಯಾಂಡರ್ಡ್ ರಿಪ್ಲೈ ಎಂದರೆ ಹಿಂದೊಮ್ಮೆ ನಾನೇ ಬರೆದಿಟ್ಟ ನಾಲ್ಕು ಸಾಲು. ತಮ್ಮ ಕಳಕಳಿಯನ್ನು ಗಮನಿಸಲಾಗಿದೆ, ಸುರಕ್ಷತೆ ನಮ್ಮ ಮೊದಲ ಆದ್ಯತೆ, ಸೂಕ್ತ ಕ್ರಮ ಕೈಗೊಳ್ಳಲಾಗುವುದು, ವಂದನೆಗಳು, ಕೆಳಗೆ ಸಹಿಯ ಬದಲು ಕಂಪನಿಯ ಮುದ್ರೆ. ಕಳಿಸಿದೆ. ಪದ್ಧತಿಯಂತೆ ದೂರಿನ ಒಂದು ಪ್ರತಿ ಸೇಫ್ಟಿ ವಿಭಾಗಕ್ಕೂ ಹೋಯಿತು. ಮುಂದಿನ ಸಭೆಯಲ್ಲಿ ಅಧ್ಯಕ್ಷರು ಆ ಉತ್ತರವನ್ನು ಎದ್ದುನಿಂತು ಓದಿದರು.

“ನೋಡಿ ಎಂಥ ಅಹಂಕಾರ,” ಅಂದರು. “ಇದನ್ನು ಬರೆದವನಿಗೆ ಮನುಷ್ಯತ್ವ ಉಂಟಾ? ಕಲ್ಲು ಅದು, ಕಲ್ಲು.”

ಎಲ್ಲರೂ ಹೌದೆಂದರು. ನಾನೂ ಹೌದೆಂದೆ. ಎರಡನೆಯ ಪತ್ರ ಇನ್ನೂ ಖಾರವಾಗಿರಬೇಕೆಂದು ತೀರ್ಮಾನವಾಯಿತು. ಅದನ್ನು ಅಡುಗೆಮನೆಯ ಮೇಜಿನಲ್ಲಿ ಬರೆಯುತ್ತಿದ್ದಾಗ ಗಂಡ ಇಣುಕಿದರು. ಅವರಿಗೆ ಮಾತು ಕಡಿಮೆ, ಆಡಿದರೆ ಚುಚ್ಚುತ್ತದೆ.

“ಅಂಚೆಗೆ ಯಾಕೆ ಹಾಕ್ತಿ? ಟಿಫಿನ್ ಜೊತೆ ಬ್ಯಾಗಲ್ಲಿ ಇಟ್ಕೊಂಡು ಹೋಗು.”

ಹೀಗೆ ಎರಡು ಸುತ್ತು ನಡೆಯಿತು. ನನಗೆ ಅದು ತಮಾಷೆಯಾಗಿಯೇ ಕಾಣುತ್ತಿತ್ತು ಎಂಬುದನ್ನು ಒಪ್ಪಿಕೊಳ್ಳಬೇಕು. ಮಾರ್ಚಿನಲ್ಲಿ ದೋಣಿಯವನಿಂದ ಫೋನು ಬಂತು. ದ್ವೀಪಕ್ಕೆ ತಂತಿ ಬೇಲಿ ಹಾಕುತ್ತಿದ್ದಾರೆ, ದಕ್ಕೆಯ ಬಾಯಿಗೇ ಗೇಟು, ಒಮ್ಮೆ ಬಂದು ನೋಡಿ ಎಂದ.

ಮುಂದಿನ ಭಾನುವಾರ ಒಬ್ಬಳೇ ಹೋದೆ. ಬೇಲಿ ಆಳೆತ್ತರಕ್ಕಿತ್ತು. ದ್ವೀಪದ ಮನೆಯವರಿಗೆ ಓಡಾಡಲು ಒಂದು ಪಕ್ಕದ ದಾರಿ ಬಿಟ್ಟಿದ್ದರು, ಹೊರಗಿನವರಿಗೆ ಪ್ರವೇಶವಿಲ್ಲ. ದೋಣಿಯವನ ಹೆಂಡತಿ ಚಹಾದ ಪಾತ್ರೆಗಳನ್ನು ತೊಳೆದು ಬೋರಲು ಹಾಕಿದ್ದಳು. ಗೇಟಿನಾಚೆಯಿಂದ ಕಲಬುರಗಿಯಾಕೆ ನನ್ನನ್ನು ಗುರುತು ಹಿಡಿದಳು.

“ನಿಮ್ಮ ಸಂಘದವ್ರ ಕಾಗದದಿಂದ ಆತ ನೋಡ್ರಿ ಇದು,” ಅಂದಳು. “ಮಂದಿಗಿ ಡೇಂಜರ್ ಐತಿ ಅಂತ ಬರದೀರಂತ. ಸೇಫ್ಟಿ ಸಾಹೇಬ್ರು ಬಂದು, ಹಂಗಾರ ಮಂದೀನ ಬ್ಯಾಡ ಅಂತಂದು ತಂತಿ ಹೊಡಿಸ್ಯಾರ.”

ಸೂಕ್ತ ಕ್ರಮ ಕೈಗೊಳ್ಳಲಾಗುವುದು ಎಂದು ನಾನು ಬರೆದಿದ್ದೆ. ಕೈಗೊಂಡಿದ್ದರು. ಆ ಸಾಲಿಗೆ ಏನಾದರೂ ಅರ್ಥವಿದೆ ಎಂದು ನನಗೆ ಯಾವತ್ತೂ ಅನ್ನಿಸಿರಲಿಲ್ಲ.

ಬಿಸಿಲು ಏರುತ್ತಿತ್ತು. ತಂತಿಯ ಈಚೆ ನಾನು, ಆಚೆ ಅವಳು. ಯಾರಿಗೂ ಹೇಳದ್ದನ್ನು ಅವಳಿಗೆ ಹೇಳಿದೆ: ದೂರು ಬರೆದದ್ದು ನಾನು, ಉತ್ತರ ಬರೆದದ್ದೂ ನಾನು, ಈ ಪೆಟ್ಟಿಗೆಗಳ ಚಲನ್ ಬರೆದದ್ದೂ ನಾನೇ. ಅವಳು ನನ್ನನ್ನು ಮೇಲಿನಿಂದ ಕೆಳಗಿನ ತನಕ ಒಮ್ಮೆ ನೋಡಿದಳು. ಬೈಯುತ್ತಾಳೆ ಎಂದುಕೊಂಡೆ.

“ಹಂಗಾರ ಸಸಾರ ಆತಲ್ರೀ,” ಅಂದಳು. “ನಿಮಗ ನೀವ ಹೇಳ್ರಿ. ನೀವ ಹೂಂ ಅನ್ರಿ.”

“ಏನಂತ ಹೇಳಲಿ? ಮೈದಾನ ವಾಪಸು ಬರೋದಿಲ್ಲ.”

“ಮೈದಾನ ಯಾರ ಕೇಳ್ಯಾರ? ಮಂದಿ ಬರಲಿ ಅಂತೀನಿ. ವಾರದಾಗ ಆರ ದಿನ ನಾವ ಆರ ಮಂದಿ, ನಮ್ಮ ಮಾರಿ ನಾವ ನೋಡಕೋತ ಇರತೀವಿ. ಮಂದಿ ಬಂದ್ರ ಚಾ ಸಿಗತೈತಿ, ಮಾತ ಸಿಗತೈತಿ.”

ದೋಣಿಯವನ ಹೆಂಡತಿಯನ್ನೂ ಕೂಗಿ ಕರೆದಳು. ತಂತಿಯ ಎರಡೂ ಬದಿ ಕೂತು ಮೂವರೂ ಪಟ್ಟಿ ಮಾಡಿದೆವು. ಭಾನುವಾರ ಗೇಟು ತೆರೆಯಬೇಕು. ಎರಡು ಸಾಲುಗಳ ನಡುವೆ, ವೈರಿಲ್ಲದ ಕಡೆ, ಜನ ನಡೆಯಲು ದಾರಿ, ನೆರಳಿನಲ್ಲಿ ಬೆಂಚು. ಕುಡಿಯುವ ನೀರಿನ ನಲ್ಲಿ. ಚಹಾದಂಗಡಿ ದಕ್ಕೆಯ ಬದಿಗೆ. ಕೊಲ್ಲಿಯಿಂದ ಕೇಬಲ್ಲನ್ನು ಬೇರೆ ಕಡೆಗೆ ಎಳೆದು ಈಜಲು ಬಿಡಬೇಕು. ನಾವು ಸಂಘದವರು ಎರಡು ಪತ್ರದಲ್ಲಿ ಪರಂಪರೆ ಎಂಬ ಪದವನ್ನು ಏಳು ಸಲ ಬಳಸಿದ್ದೆವು. ಈ ಪಟ್ಟಿಯಲ್ಲಿ ಅದು ಒಮ್ಮೆಯೂ ಬರಲಿಲ್ಲ.

ಮೂರನೆಯ ಪತ್ರವನ್ನು ಅಧ್ಯಕ್ಷರಿಗೆ ಓದಿ ಹೇಳಿದೆ. ‘ಬೆಂಚು, ನಲ್ಲಿ, ಇದೆಲ್ಲ ಯಾಕೆ, ಗಾಂಭೀರ್ಯ ಇಲ್ಲ’ ಅಂದರು. ಕೊನೆಯಲ್ಲಿ ಅವರ ಹೆಸರು ದಪ್ಪ ಅಕ್ಷರದಲ್ಲಿದೆ ಎಂದ ಮೇಲೆ ಒಪ್ಪಿದರು. ಆಫೀಸಿನಲ್ಲಿ ಅದಕ್ಕೆ ಉತ್ತರವನ್ನೂ ಸಿದ್ಧಮಾಡಿದೆ. ಈ ಸಲ ನಾಲ್ಕು ಸಾಲಿನದ್ದಲ್ಲ. ಕೇಳಿದ ಒಂದೊಂದಕ್ಕೂ ‘ಒಪ್ಪಿದ್ದೇವೆ’ ಎಂದು ಟೈಪ್ ಮಾಡಿ, ಸಹಿಯ ಕಾಗದಗಳ ಕಟ್ಟಿನ ನಡುವೆ ತೂರಿಸಿ, ಊಟದ ಹೊತ್ತಿಗೆ ಸರಿಯಾಗಿ ಮ್ಯಾನೇಜರನ ಮುಂದಿಟ್ಟೆ. ಆ ಹೊತ್ತಿನಲ್ಲಿ ಅವನು ಏನಿದ್ದರೂ ಓದದೆ ಸಹಿ ಹಾಕುತ್ತಾನೆ.

ಅವತ್ತು ಓದಿದ. ಆಮೇಲೆ ಕಪಾಟಿನಿಂದ ಫೈಲು ತೆಗೆಸಿ ಹಳೆಯ ದೂರುಗಳನ್ನೂ ಓದಿದ. ನನ್ನನ್ನು ಕರೆದು ಎರಡು ಕಾಗದಗಳನ್ನು ಪಕ್ಕಪಕ್ಕ ಇಟ್ಟ. ‘ಅನುಕೂಲ’ ಎಂಬರ್ಥದ ಇಂಗ್ಲಿಷ್ ಪದದಲ್ಲಿ ನಾನು ಶಾಲೆಯ ದಿನಗಳಿಂದಲೂ ಒಂದು ಅಕ್ಷರ ತಪ್ಪು ಬರೆಯುತ್ತೇನೆ. ದೂರಿನಲ್ಲೂ ಅದೇ ತಪ್ಪು, ಉತ್ತರದಲ್ಲೂ ಅದೇ ತಪ್ಪು.

“ಆಂಟಿ,” ಅಂದ. “ದೋನೋ ಆಪ್?”

“ಹೌದು.”

“ಕಬ್ ಸೇ?”

“ಜನವರಿಯಿಂದ.”

ಅವನು ಕುರ್ಚಿಗೆ ಒರಗಿ ಚಾವಣಿ ನೋಡಿದ. ಕೆಲಸ ಹೋಯಿತು ಎಂದುಕೊಂಡೆ. ಇಪ್ಪತ್ತು ವರ್ಷದಲ್ಲಿ ಡ್ರಾವರಿನಲ್ಲಿ ಸೇರಿದ ಸಾಮಾನನ್ನು ಹೊರಲು ಎಷ್ಟು ಚೀಲ ಬೇಕು ಎಂಬ ಯೋಚನೆಯೇ ಮೊದಲು ಬಂದದ್ದು. ಅವನ ಯೋಚನೆ ಬೇರೆ ಇತ್ತು. ಮೇಲಿನವರಿಗೆ ಆ ತಿಂಗಳು ವರದಿ ಕಳಿಸಬೇಕಿತ್ತು, ಅದರಲ್ಲಿ ಸ್ಥಳೀಯರು ಸಂತೋಷವಾಗಿರುವ ಫೋಟೋ ಬೇಕಿತ್ತು. ಬೇಲಿ ಹಾಕಿದ ಮೇಲೆ ದ್ವೀಪದಲ್ಲಿ ಸಂತೋಷವಾಗಿರುವವರು ಯಾರೂ ಸಿಕ್ಕಿರಲಿಲ್ಲ.

“ಗೇಟ್ ಖೋಲೇಂಗೇ ತೋ ಲೋಗ್ ಹಸೇಂಗೇ ಕ್ಯಾ? ಫೋಟೋ ಮೇ?”

“ಚಹಾ ಕೊಟ್ಟರೆ ನಗ್ತಾರೆ,” ಅಂದೆ.

ಕೇಬಲ್ಲಿನ ಸಾಲನ್ನು ಹೊಡೆದುಹಾಕಿದ. ಅದು ಆಗುವ ಮಾತಲ್ಲವಂತೆ, ನೀರಡಿಯ ಕೆಲಸ. ಉಳಿದದ್ದಕ್ಕೆ ಸಹಿ ಹಾಕಿದ. ಹಾಕಿ, ಮರುದಿನದಿಂದ ನನ್ನನ್ನು ಸ್ಟೋರಿಗೆ ವರ್ಗ ಮಾಡಿದ. ಪತ್ರ ಬರೆಯುವುದಕ್ಕೆ ಒಬ್ಬ ಹೊಸ ಹುಡುಗಿಯನ್ನು ತಂದರು. ಈಗ ನಾನು ಬೋಲ್ಟು-ನಟ್ಟುಗಳಿಗೆ ಚೀಟಿ ಅಂಟಿಸುತ್ತೇನೆ. ಅವು ದೂರು ಕೊಡುವುದಿಲ್ಲ.

ಮಳೆಗಾಲ ಕಳೆದ ಮೇಲೆ ಗೇಟು ತೆರೆಯಿತು. ಕ್ರಿಕೆಟ್ಟಿನವರು ಮಾತ್ರ ಮತ್ತೆ ಬರಲಿಲ್ಲ, ಅವರು ಘಣಸೋಲಿಯ ಹೊಸ ಸೆಕ್ಟರಿನ ಹಸಿರು ಪ್ಲಾಸ್ಟಿಕ್ಕಿನ ಟರ್ಫಿಗೆ ಒಗ್ಗಿಹೋಗಿದ್ದರು. ಬೇರೆ ತರಹದ ಜನ ಬಂದರು. ಶಾಲೆಯ ಮಕ್ಕಳು ಸಾಲಾಗಿ ಬಂದು ವಹಿಯಲ್ಲಿ ಬರೆದುಕೊಂಡು ಹೋದರು. ಮದುವೆ ನಿಶ್ಚಯವಾದ ಜೋಡಿಗಳು ಫೋಟೋಗ್ರಾಫರನ್ನು ಕರೆತಂದು ನೀಲಿ ಹಲಗೆಗಳ ನಡುವೆ ಒಬ್ಬರನ್ನೊಬ್ಬರು ಅಟ್ಟಿಕೊಂಡು ಓಡಿದರು. ಅದರಲ್ಲಿ ಏನು ಶೃಂಗಾರವೋ ದೇವರೇ ಬಲ್ಲ. ದೋಣಿಯವನ ಹೆಂಡತಿ ಫ್ರಿಜ್ಜಿನಿಂದ ತಣ್ಣನೆಯ ಕೋಕಂ ಶರಬತ್ತು ಕೊಡತೊಡಗಿದಳು. ಕಲಬುರಗಿಯಾಕೆ ಹೆಲ್ಮೆಟ್ ಹಾಕಿಕೊಂಡು ಜನರನ್ನು ಸುತ್ತಿಸುತ್ತ ತನ್ನದೇ ಹಿಂದಿಯಲ್ಲಿ ವಿವರಿಸುತ್ತಾಳೆ. ಅದರಲ್ಲಿ ಅರ್ಧ ಸುಳ್ಳು. ಸೂರ್ಯನ ಬಿಸಿಲು ಪೆಟ್ಟಿಗೆಯೊಳಗೆ ಹೋಗಿ ಹುಳಿ ಹಿಡಿದು ಕರೆಂಟಾಗುತ್ತದೆ ಎಂದು ಅವಳು ಹೇಳಿದ್ದನ್ನು ಒಬ್ಬ ಮಾಸ್ತರರು ಬರೆದುಕೊಳ್ಳುವುದನ್ನು ಕಣ್ಣಾರೆ ನೋಡಿದ್ದೇನೆ.

ಇತ್ತ ನಮ್ಮ ಅಧ್ಯಕ್ಷರು ಇದನ್ನು ಸಂಘದ ಐತಿಹಾಸಿಕ ವಿಜಯವೆಂದು ಘೋಷಿಸಿದರು. ವಾರ್ಷಿಕ ಸಭೆಯಲ್ಲಿ ಕಂಪನಿಯ ಆ ಸಹೃದಯ ಅಧಿಕಾರಿಗೆ ಶಾಲು ಹೊದಿಸಬೇಕೆಂದು ನಿಶ್ಚಯಿಸಿ, ನನಗೆ ಹೇಳದೆ ಮ್ಯಾನೇಜರನನ್ನೇ ಕರೆದುಬಿಟ್ಟರು. ಡೊಂಬಿವಲಿಯ ಬಾಡಿಗೆ ಸಭಾಂಗಣದ ವೇದಿಕೆಯ ಮೇಲೆ ಅವನನ್ನು ಕಂಡಾಗ ನಾನು ಬಾಗಿಲ ಕಡೆ ನಡೆದೆ. ದಾರಿಯಲ್ಲಿ ಕಲಬುರಗಿಯಾಕೆ ಕುರ್ಚಿ ಹಾಕಿಕೊಂಡು ಕೂತಿದ್ದಳು, ಅವಳನ್ನು ನಾನೇ ಕರೆದಿದ್ದೆ. ಅವಳು ಕಾಲು ಸರಿಸಿ ದಾರಿ ಬಿಡಲಿಲ್ಲ.

ಅಧ್ಯಕ್ಷರು ಶಾಲು ಬಿಡಿಸಿ ಹಿಡಿದು, ಆ ಮಾನವೀಯ ಪತ್ರವನ್ನು ಬರೆದ ಕೈಗಳಿಗೆ ನಮೋ ಅಂದರು. ಮೊದಲ ಪತ್ರ ಬರೆದ ಕಲ್ಲು ಹೃದಯದವನನ್ನು ತೆಗೆದುಹಾಕಿ ಈ ದೇವರಂಥವರನ್ನು ನೇಮಿಸಿರಬೇಕು ಎಂದೂ ಸೇರಿಸಿದರು. ಮ್ಯಾನೇಜರು ಮೈಕಿನ ಮುಂದೆ ನಿಂತು ಮುಜುಗರದಿಂದ ಕತ್ತು ತುರಿಸಿಕೊಂಡ.

“ನಾನು... ಬರೆದಿಲ್ಲ,” ಎಂದು ಕನ್ನಡದಲ್ಲಿ ಶುರುಮಾಡಿ ಅಲ್ಲಿಗೇ ಬಿಟ್ಟ. “ಸಬ್ ಆಂಟಿ ನೇ ಲಿಖಾ. ಆಪ್ ಕೀ ಚಿಟ್ಠಿ ಭೀ, ಹಮಾರಾ ಜವಾಬ್ ಭೀ. ಪಹಲಾ ವಾಲಾ ಭೀ.” ಬೆರಳು ನನ್ನ ಕಡೆ ತೋರಿಸಿತು.

ಇನ್ನೂರು ಜನ ತಿರುಗಿ ನೋಡಿದರು. ನಾನು ತಲೆ ತಗ್ಗಿಸಲಿಲ್ಲ. ತಗ್ಗಿಸಿದರೆ ಅಳು ಬರುತ್ತಿತ್ತೋ ನಗು ಬರುತ್ತಿತ್ತೋ ಗೊತ್ತಿರಲಿಲ್ಲ. ಅಧ್ಯಕ್ಷರು ಶಾಲು ಹಿಡಿದ ಕೈಯನ್ನು ಇಳಿಸದೆ ಒಮ್ಮೆ ಅವನನ್ನು, ಒಮ್ಮೆ ನನ್ನನ್ನು ನೋಡಿದರು. ಹೊದಿಸಿದರೆ ಒಂದು ಕಷ್ಟ, ಮಡಚಿದರೆ ಇನ್ನೊಂದು. ಕೊನೆಗೆ ಅದನ್ನು ತಮ್ಮ ಹೆಗಲ ಮೇಲೇ ಹಾಕಿಕೊಂಡು, “ಊಟ ತಯಾರುಂಟು, ಎಲ್ಲರೂ ಏಳುವ,” ಅಂದರು.

ಪಂಕ್ತಿಯಲ್ಲಿ ಕಲಬುರಗಿಯಾಕೆ ನನ್ನ ಪಕ್ಕ ಕೂತಳು. ಖಜಾಂಚಿ ಸದಸ್ಯತ್ವದ ಫಾರ್ಮು ಹಿಡಿದು ಅವಳ ಬಳಿ ಬಂದರು. ಸಂಘದಲ್ಲಿ ಏನು ಮಾಡುತ್ತೀರಿ ಎಂದು ಕೇಳಿದಳು. ಮುಖ್ಯವಾಗಿ ಪಿಕ್ನಿಕ್ಕು, ಅಂದರು ಅವರು. ಎಲ್ಲಿಗೆ? ದ್ವೀಪಕ್ಕೆ.

“ನಾ ದಿನಾ ಅಲ್ಲೇ ಇರತೀನಲ್ರೀ,” ಅಂದಳು. “ಠಾಣಾದಾಗ ದೊಡ್ಡ ಮಾಲ್ ಐತಂತ. ಅಲ್ಲಿಗಿ ಕರಕೊಂಡ ಹೋಗೂದಿದ್ರ ಬರೀರಿ ನನ್ನ ಹೆಸರ.”

ಖಜಾಂಚಿ ನನ್ನ ಮುಖ ನೋಡಿದರು. ನಾನಿನ್ನೂ ಕಾರ್ಯದರ್ಶಿಯೋ ಅಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಬರೆಯಿರಿ ಎಂದೆ, ಅವರು ಬರೆದರು. ಕೊಲ್ಲಿಯ ವಿಚಾರ ನನ್ನ ಮನಸ್ಸಿನಲ್ಲಿ ಕೊರೆಯುತ್ತಿತ್ತು. ಮಕ್ಕಳು ಈಜುವ ಹಾಗಾಗಲಿಲ್ಲವಲ್ಲ ಎಂದು ಅವಳಿಗೆ ಹೇಳಿದೆ. ಅವಳು ಸಾರಿಗೆ ಇನ್ನೊಂದು ಸಲ ಅನ್ನ ಹಾಕಿಸಿಕೊಂಡಳು.

“ಕೇಳಕೋತ ಇರೂನು ತಗೋರಿ,” ಅಂದಳು. “ಈಗ ನಿಮ್ಮ ಆಫೀಸನ್ಯಾಗ ಕಾಗದ ಬರಿಯೋ ಹುಡುಗಿ ಯಾವ ಊರಾಕಿ?”

ಸೋಲಾಪುರದ ಕಡೆಯವಳು, ಕನ್ನಡ ಬರುತ್ತದೆ ಎಂದೆ. ಹಾಗಾದರೆ ಅವಳನ್ನೂ ಮಾಲಿಗೆ ಕರೆಯಿರಿ ಎಂದಳು.